ಮನೆ ತೋರಿಸುವ ಹೊತ್ತು

ನನ್ನ ಮಾವನ ಲೆಕ್ಕದಲ್ಲಿ ಪ್ರತಿಯೊಂದು ಮನೆಗೂ ಒಂದು ಒಳ್ಳೆಯ ಹೊತ್ತು ಇದೆ. ಪಡುವಣಕ್ಕೆ ಬಾಗಿಲಿರುವ ಮನೆಯನ್ನು ಬೆಳಗ್ಗೆಯೇ ತೋರಿಸಬೇಕು, ಸಂಜೆ ತೋರಿಸಿದರೆ ನೋಡಲು ಬಂದವರು ಬೆವರು ಒರೆಸಿಕೊಳ್ಳುತ್ತಾ ಹೊರಟುಬಿಡುತ್ತಾರೆ. ಶಾಲೆಯ ಪಕ್ಕದ ಮನೆಯನ್ನು ಶಾಲೆಗೆ ರಜೆ ಇದ್ದಾಗ ತೋರಿಸಬೇಕು. ಗೋಡೆ ಒಸರುವ ಮನೆಗೆ ಬೇಸಿಗೆ, ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು ಬರುವ ಮನೆಗೆ ನೀರು ಬರುವ ದಿನ. ಊರಿನಲ್ಲಿ ಯಾವ ಮನೆಯ ಸುದ್ದಿ ಎತ್ತಿದರೂ ಮಾವ ಒಂದು ಕ್ಷಣ ಕಣ್ಣು ಮುಚ್ಚಿ, “ಅದಾ? ಅದನ್ನ ಬಿಸಿಲು ಏರಿದ ಮೇಲೆ ತೋರಿಸ್ಬೇಡಿ” ಎನ್ನುತ್ತಿದ್ದರು. ಇದು ಮೋಸ ಅಲ್ಲವೇ ಎಂದು ನಾನೊಮ್ಮೆ ಕೇಳಿದ್ದಕ್ಕೆ, “ಮೇಷ್ಟ್ರೇ, ಮುಖ ತೊಳೀದೆ ನೀವು ಯಾರೆದುರಿಗಾದ್ರೂ ಹೋಗ್ತೀರಾ? ಮನೆನೂ ಹಾಗೇನೇ” ಎಂದು ನನ್ನ ಬಾಯಿ ಮುಚ್ಚಿಸಿದ್ದರು.

ಮೇಷ್ಟ್ರು ಅಂದರೆ ನಾನು. ಶಾಲೆಯಲ್ಲಿ ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡುತ್ತೇನೆ. ಮಾವ ಮನೆ ಬ್ರೋಕರ್. ಅವರ ಒಬ್ಬಳೇ ಮಗಳು, ಅಂದರೆ ನನ್ನ ಹೆಂಡತಿ, ಅದೇ ಕೆಲಸಕ್ಕೆ ಇಳಿದು ಆಫೀಸಿನ ಬೋರ್ಡಿನ ಮೇಲೆ ‘ರಿಯಲ್ ಎಸ್ಟೇಟ್’ ಎಂದು ಬರೆಸಿದಳು. ಬೋರ್ಡು ಬದಲಾಯಿತು, ಕೆಲಸ ಅದೇ. ನಾನು ಅವಳನ್ನು ಮೊದಲು ಕಂಡದ್ದು ಬಾಡಿಗೆಗೆ ರೂಮು ಹುಡುಕಿಕೊಂಡು ಹೋದಾಗ. ರೂಮು ಹಿಡಿಸಲಿಲ್ಲ, ತೋರಿಸಿದವಳು ಹಿಡಿಸಿದಳು. ಮದುವೆಯ ಮಾತುಕತೆಗೆ ಮಾವ ನನ್ನನ್ನು ಯಾವಾಗಲೂ ಸಂಜೆಯೇ ಕರೆಯುತ್ತಿದ್ದರು. ಬೆಳಗ್ಗೆ ಎದ್ದ ಕೂಡಲೇ ಅವಳನ್ನು ಮಾತಾಡಿಸಿದರೆ ಏನಾಗುತ್ತದೆ ಎಂಬುದು ನನಗೆ ತಿಳಿದದ್ದು ಮದುವೆಯಾದ ಮೇಲೆ. ಮಾವ ಮಗಳನ್ನೂ ಹೊತ್ತು ನೋಡಿಯೇ ತೋರಿಸಿದರು ಎಂದು ನಾನು ಈಗಲೂ ರೇಗಿಸುತ್ತೇನೆ.

ಇವಳು ಚಿಕ್ಕವಳಿದ್ದಾಗಲೇ ಇವಳ ತಾಯಿ ತೀರಿಕೊಂಡರು. ನೋಡಿಕೊಳ್ಳುವವರು ಯಾರೂ ಇಲ್ಲದೆ ಮಾವ ಮಗಳನ್ನು ಎತ್ತಿಕೊಂಡೇ ಮನೆ ತೋರಿಸಲು ಹೋಗುತ್ತಿದ್ದರಂತೆ. ಇವಳು ಓದಿದ್ದು, ಬರೆದದ್ದು, ಮಧ್ಯಾಹ್ನ ನಿದ್ದೆ ಮಾಡಿದ್ದು ಎಲ್ಲ ಬೇರೆಯವರ ಖಾಲಿ ಮನೆಗಳಲ್ಲಿ. ಕಿಟಕಿಯ ಕಟ್ಟೆಯೇ ಮೇಜು. ಗಿರಾಕಿ ಬಂದ ಕೂಡಲೇ ಮಾವ, “ಪುಟ್ಟಿ, ಒಳಗೆ ಹೋಗಿ ಆಡ್ಕೋ” ಎನ್ನುವರು. ಖಾಲಿ ಗೋಡೆಗಳ ನಡುವೆ ಮಗುವೊಂದು ಓಡಾಡಿದರೆ ಬಂದವರಿಗೆ ಅದು ಮನೆ ಅನಿಸುತ್ತದೆ ಎಂಬುದು ಅವರ ಅನುಭವ. ಅಪ್ಪ ತನ್ನನ್ನು ಆಗಲೇ ಕೆಲಸಕ್ಕೆ ಹಚ್ಚಿದ್ದರು ಎಂದು ಇವಳಿಗೆ ಹೊಳೆದದ್ದು ದೊಡ್ಡವಳಾದ ಮೇಲೆ. ಇದನ್ನು ಹೇಳಿಕೊಂಡು ಇವಳು ನಗುತ್ತಾಳೆ. ನನಗೆ ಆ ನಗು ಅಷ್ಟಾಗಿ ಸೇರುವುದಿಲ್ಲ.

ಅಪ್ಪ ಎಂದರೆ ಇವಳಿಗೆ ಪ್ರಾಣ. ಓದು ಮುಗಿದಾಗ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತ್ತು, ಕಿವಿಯ ಮೇಲೂ ಹಾಕಿಕೊಳ್ಳಲಿಲ್ಲ. ಮಂಡಿನೋವು ಹೆಚ್ಚಾಗಿ ಮಾವ ಮೆಟ್ಟಿಲು ಹತ್ತುವುದನ್ನು ಬಿಟ್ಟ ಮೇಲೆ ಓಡಾಟವೆಲ್ಲ ಇವಳದೇ ಆಯಿತು. ಅವರು ನಮ್ಮ ಮನೆಗೇ ಬಂದು ಇದ್ದರು. ಬೆಳಗ್ಗೆ ಇಬ್ಬರೂ ಒಟ್ಟಿಗೆ ಆಫೀಸಿಗೆ ಹೊರಡುವರು. ಆಫೀಸು ಅಂದರೆ ಟೈಲರ್ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಸಿಕ್ಕಿಹಾಕಿಕೊಂಡ ಒಂದು ಉದ್ದನೆಯ ಕೋಣೆ. ಗೋಡೆಯ ತುಂಬ ಮೊಳೆ, ಮೊಳೆಗೊಂದು ಬೀಗದಕೈ. ಬಾಗಿಲ ಬಳಿ ಮಾವನ ಕುರ್ಚಿ, ಒಳಗೆ ಇವಳ ಮೇಜು, ಅದರ ಹಿಂದೆ ಪರದೆ ಎಳೆದ ಮೂಲೆಯಲ್ಲಿ ಒಂದು ಮರದ ಬೆಂಚು. ಇವಳು ಗಿರಾಕಿಯ ಜೊತೆ ಮಾತಾಡುವಾಗ ಮಾವ ಕುರ್ಚಿಯಿಂದಲೇ ಹೊತ್ತು ಹೇಳುವರು. ಬರಬರುತ್ತಾ ಅವರು ಬಾಯಿ ತೆರೆಯುವ ಮೊದಲೇ ಇವಳು ಹೇಳತೊಡಗಿದಳು. ಆಗ ಮಾವನ ಮುಖ ನೋಡಬೇಕಿತ್ತು, ಮಗಳು ಚಿನ್ನದ ಪದಕ ಗೆದ್ದ ಹಾಗೆ.

ಹೀಗಿರುವಾಗ ನರ್ಸಮ್ಮ ಬಂದರು. ದೊಡ್ಡ ಆಸ್ಪತ್ರೆಯಲ್ಲಿ ಅವರಿಗೆ ಯಾವಾಗಲೂ ರಾತ್ರಿ ಪಾಳಿ. ಒಂಟಿ ಹೆಂಗಸು. ಅಷ್ಟು ವರ್ಷ ಬಾಡಿಗೆ ಮನೆಗಳನ್ನು ಬದಲಾಯಿಸಿ ಬದಲಾಯಿಸಿ ಸಾಕಾಗಿ, ಸ್ವಂತದ್ದೊಂದು ಇರಲಿ ಎಂದು ಹೊರಟಿದ್ದರು. ಅವರು ಕೇಳಿದ್ದು ಒಂದೇ. “ದೊಡ್ಡದು ಬೇಡ, ಹೊಸದು ಬೇಡ. ನಾನು ಮಲಗೋದೇ ಹಗಲಲ್ಲಿ. ಹಗಲು ನಿದ್ದೆ ಬರೋ ಅಂಥ ಮನೆ ಇದ್ರೆ ಹೇಳಿ ಅಕ್ಕ.”

ಅವರ ಕೈಗೆಟಕುವಂಥದ್ದು ಇವಳ ಬಳಿ ಇದ್ದದ್ದು ಒಂದೇ ಮನೆ. ಎರಡು ಕೋಣೆ, ಒಳ್ಳೆಯ ಬೆಳಕು, ಮುಂದೆ ನೆರಳಿಗೊಂದು ಮರ. ಮಲಗುವ ಕೋಣೆಯ ಹಿಂದೆ ಕಾಂಪೌಂಡು, ಅದರ ಆಚೆ ತಗಡಿನ ಪೆಟ್ಟಿಗೆ, ಡ್ರಮ್ಮು ಮಾಡುವ ಕಾರ್ಖಾನೆ. ಕಾರ್ಖಾನೆಯ ಬಾಗಿಲು ಹಿಂದಿನ ರಸ್ತೆಗೆ. ಈ ಕಡೆಯಿಂದ ನೋಡಿದವರಿಗೆ ಕಾಣುವುದು ಬರೀ ಒಂದು ಬೋಳು ಗೋಡೆ. ಬೆಳಗ್ಗೆ ಸುತ್ತಿಗೆ ಎತ್ತಿದರೆ ಕತ್ತಲಾಗುವವರೆಗೆ ಕೆಳಗಿಡುವುದಿಲ್ಲ. ಸೋಮವಾರ ಅವರಿಗೆ ರಜೆ.

ಇವಳು ನರ್ಸಮ್ಮನಿಗೆ ಸೋಮವಾರ ಬನ್ನಿ ಅಂದಳು.

ಬೇಕೆಂದೇ ಹಾಗೆ ಹೇಳಿದಳೇ ಎಂದರೆ ನನ್ನ ಬಳಿ ಉತ್ತರವಿಲ್ಲ, ಅವಳ ಬಳಿಯೂ ಇಲ್ಲ. ಆ ಮನೆಯನ್ನು ಬೇರೆ ದಿನವೂ ತೋರಿಸಬಹುದು ಎಂಬುದೇ ಅವಳ ತಲೆಗೆ ಬರಲಿಲ್ಲವಂತೆ. ದಿನಾ ಅಡುಗೆ ಮಾಡುವವರ ಕೈ ಉಪ್ಪಿನ ಡಬ್ಬಿಗೆ ತಾನಾಗಿ ಹೋಗುತ್ತದಲ್ಲ, ಹಾಗೆ ಬಾಯಿ ತಾನಾಗಿ ಸೋಮವಾರ ಅಂದಿತು. ಪಾಳಿ ಮುಗಿಸಿ ನೇರ ಬಂದ ನರ್ಸಮ್ಮ ಮಲಗುವ ಕೋಣೆಯಲ್ಲಿ ನಿಂತು, “ಹಗಲು ಇಲ್ಲಿ ಸದ್ದು ಇರಲ್ವಾ ಅಕ್ಕ?” ಎಂದು ಕೇಳಿದರು. “ನೀವೇ ನಿಂತು ಕೇಳಿ ಸಿಸ್ಟರ್” ಅಂದಳು ಇವಳು. ಇಬ್ಬರೂ ಮಾತು ನಿಲ್ಲಿಸಿ ನಿಂತರು. ಬೀದಿಯಲ್ಲಿ ಯಾರೋ ಬಾಗಿಲು ಹಾಕಿಕೊಂಡದ್ದು ಬಿಟ್ಟರೆ ಬೇರೆ ಸದ್ದಿಲ್ಲ. ನರ್ಸಮ್ಮ ಬರಿಯ ನೆಲದ ಮೇಲೆ ಕೂತು, ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡು, “ಇದೇ ಇರಲಿ” ಅಂದರಂತೆ.

ಅವರು ಆ ಮನೆಗೆ ಹೋಗಿ ಕೆಲವು ದಿನ ಕಳೆದಿರಬೇಕು. ಊಟದ ಬಿಡುವಿನಲ್ಲಿ ನಾನು ಆಫೀಸಿನಲ್ಲಿ ಕೂತಿದ್ದೆ. ನರ್ಸಮ್ಮ ಬಂದರು. ಕಣ್ಣು ಕೆಂಡದ ಹಾಗೆ, ಕಂಕುಳಲ್ಲಿ ಮಡಿಸಿದ ಒಂದು ಹೊದಿಕೆ. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. “ಅಕ್ಕ, ಆ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಮಲಗ್ಲಾ?” ಅಂದರು, ಅಷ್ಟೇ. ಇವಳು ಎದ್ದು ಪರದೆ ಸರಿಸಿದಳು. ಚಪ್ಪಲಿಯನ್ನೂ ಬಿಚ್ಚದೆ ಅವರು ಮಲಗಿದರು, ಮಲಗಿದ್ದೇ ತಡ ಗೊರಕೆ. ಮಾವ ಕುರ್ಚಿಯಲ್ಲಿ ಕೂತು ರಸ್ತೆಯ ಕಡೆ ನೋಡುತ್ತಿದ್ದರು.

ಮರುದಿನವೂ ಬಂದರು, ಅದರ ಮರುದಿನವೂ. ಬೆಂಚೇ ಅವರ ಮಲಗುವ ಕೋಣೆಯಾಯಿತು. ಬಂದ ಗಿರಾಕಿಗಳೊಂದಿಗೆ ಇವಳು ಪಿಸುಮಾತಿನಲ್ಲಿ ವ್ಯವಹಾರ ಮಾಡಬೇಕಾಗಿ ಬಂತು, ಪರದೆಯ ಹಿಂದಿನ ಗೊರಕೆ ಕೇಳಿ ಅವರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ನರ್ಸಮ್ಮ ಸುಮ್ಮನೆ ಕೂತವರಲ್ಲ. ಕಿವಿಗೆ ಹತ್ತಿ ತುರುಕಿ ನೋಡಿದರು, ಮಂಚವೇ ನಡುಗುವಾಗ ಹತ್ತಿ ಏನು ಮಾಡೀತು? ಕಾರ್ಖಾನೆಗೂ ಹೋಗಿ ಕೇಳಿದರು. ಮಾಲೀಕ ಒಳ್ಳೆಯ ಮನುಷ್ಯ, ಕುರ್ಚಿ ಹಾಕಿ ಕೂರಿಸಿ, “ಅಮ್ಮ, ಇದು ತಗಡು. ಮೆಲ್ಲಗೆ ಹೊಡೆದ್ರೆ ಬಗ್ಗಲ್ಲ” ಅಂದನಂತೆ. ಅಷ್ಟರಲ್ಲಿ ಆಸ್ಪತ್ರೆಯಲ್ಲಿ ಔಷಧಿ ಕೊಡುವಾಗ ನಿಂತ ನಿಲುವಿನಲ್ಲೇ ತೂಕಡಿಸಿ, ಒಬ್ಬ ರೋಗಿಯ ಮಾತ್ರೆ ಇನ್ನೊಬ್ಬರ ಕೈಗೆ ಹೋಗುವುದು ಸ್ವಲ್ಪದರಲ್ಲಿ ತಪ್ಪಿತು. ಮೇಲಿನವರು ಕರೆದು, ಇನ್ನೊಂದು ಸಲ ಹೀಗಾದರೆ ಮನೆಗೆ ಹೋಗಬೇಕಾಗುತ್ತದೆ ಎಂದು ಎಚ್ಚರಿಸಿದರು.

ಅಂದು ಮಧ್ಯಾಹ್ನ ನರ್ಸಮ್ಮ ಬೆಂಚಿಗೆ ಹೋಗುವ ಮೊದಲು ಇವಳ ಮೇಜಿನ ಮುಂದೆ ನಿಂತರು. “ಒಂದು ಮಾತು ಕೇಳ್ತೀನಿ ಅಕ್ಕ. ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು ಸಿಸ್ಟರ್.”

ನರ್ಸಮ್ಮ ತಲೆಯಾಡಿಸಿ ಪರದೆಯ ಹಿಂದೆ ಹೋದರು. ಮಾವನಿಗೆ ಅದು ಕೇಳಿಸಿತ್ತು.

ಆ ಸಂಜೆ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಅವರು ಶುರು ಮಾಡಿದರು. “ನಾವೇನು ಸುಳ್ಳು ಹೇಳಿದ್ವಾ, ಪುಟ್ಟಿ?”

“ಸುಳ್ಳು ಹೇಳ್ಲಿಲ್ಲ ಅಪ್ಪ. ಸೋಮವಾರ ಬನ್ನಿ ಅಂದ್ವಿ.”

“ಹಾಗಾದ್ರೆ ನಾನು ಇಷ್ಟು ವರ್ಷ ಮಾಡಿದ್ದೆಲ್ಲ ಮೋಸ ಅಂತಾಯ್ತು. ಆ ಮೋಸದಲ್ಲೇ ನಿನ್ನ ಸಾಕಿದ್ದು, ಓದಿಸಿದ್ದು. ಅದನ್ನೂ ಹೇಳ್ಬಿಡು.”

ಇವಳು ತಟ್ಟೆ ಸರಿಸಿ ಎದ್ದುಹೋದಳು. ನನಗೆ ಇಬ್ಬರ ಮೇಲೂ ಸಿಟ್ಟು ಬಂತು. ಆದರೆ ಆ ಮುದುಕರ ಮುಖ ನೋಡಿದಾಗ ಸಂಕಟವೂ ಆಯಿತು. ಒಬ್ಬ ಹೆಂಗಸಿನ ನಿದ್ದೆ ಸರಿಪಡಿಸಲು ಹೋದರೆ ಒಬ್ಬ ಮನುಷ್ಯನ ಜೀವಮಾನವೇ ಸುಳ್ಳಾಗುತ್ತದೆ ಅಂದರೆ, ಮಗಳಾದವಳು ಏನು ಮಾಡಬೇಕು?

ಇವಳು ನರ್ಸಮ್ಮನಿಗೆ ಮಾತು ಕೊಟ್ಟಳು. ಆ ಮನೆಯನ್ನು ನಾನೇ ಮಾರಿಸಿಕೊಡುತ್ತೇನೆ, ಕಮಿಷನ್ ಬೇಡ, ಸದ್ದಿಲ್ಲದ ಇನ್ನೊಂದು ಮನೆ ಹುಡುಕುತ್ತೇನೆ ಎಂದು. ನೋಡುವವರನ್ನು ಸೋಮವಾರ ಬಿಟ್ಟು ಮಂಗಳವಾರ ಮಧ್ಯಾಹ್ನವೇ ಕರೆದುಕೊಂಡು ಹೋದಳು, ಸುತ್ತಿಗೆ ಜೋರಾಗಿ ಬೀಳುವ ಹೊತ್ತಿಗೆ. ಕೆಲವರು ಗೇಟು ದಾಟಲಿಲ್ಲ. ಒಬ್ಬರು ಅಡುಗೆಮನೆಯಲ್ಲಿ ನಿಂತು “ಏನಂದ್ರಿ? ಏನಂದ್ರಿ?” ಎಂದು ಕೂಗಿ ಕೂಗಿ ಕೊನೆಗೆ ಕೈಮುಗಿದು ಹೋದರು. ಊರಿನ ಉಳಿದ ಬ್ರೋಕರುಗಳಿಗೆ ಇದು ಗೊತ್ತಾಗಿ ಒಳ್ಳೆಯ ತಮಾಷೆ ಸಿಕ್ಕಿತು, ಇವಳಿಗೆ ‘ಮಂಗಳವಾರದಮ್ಮ’ ಎಂದು ಹೆಸರಿಟ್ಟರು. “ಮಾರೋಕೆ ಹೊರಟಿದೀಯೋ, ಹೆದರಿಸೋಕೆ ಹೊರಟಿದೀಯೋ?” ಎಂದು ಮಾವ ಕುರ್ಚಿಯಿಂದ ಕೇಳಿದರು. ಮನೆ ಮಾರಾಟವಾಗಲಿಲ್ಲ. ಪರದೆಯ ಹಿಂದೆ ನರ್ಸಮ್ಮ ದಿನದಿಂದ ದಿನಕ್ಕೆ ಸೊರಗುತ್ತಾ ಹೋದರು.

ಕೊನೆಗೆ ಮಾವ ತಾವೇ ಕಣಕ್ಕಿಳಿದರು. ಹಳೆಯ ಪರಿಚಯದವರ ಕಡೆಯ ಗಂಡ ಹೆಂಡತಿ, ಕೈಗೂಸು ಇದ್ದವರು, ಮನೆ ಹುಡುಕುತ್ತಿದ್ದರು. ಮಾವ ಮಗಳಿಗೆ ಹೇಳದೆ ನರ್ಸಮ್ಮನನ್ನು ಕೇಳಿದರು: “ಸೋಮವಾರ ತೋರಿಸೋಣವಾ?” ನರ್ಸಮ್ಮನಿಗೆ ಅದರ ಅರ್ಥ ಚೆನ್ನಾಗಿಯೇ ಗೊತ್ತಿತ್ತು. ಆಗಲಿ ಅಂದರು. ಇವಳಿಗೆ ಇದು ತಿಳಿದದ್ದು ಸೋಮವಾರ ಬೆಳಗ್ಗೆ, ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಾಗ. ಶಾಲೆಗೆ ರಜೆ ಇದ್ದುದರಿಂದ ಅವರನ್ನು ಸ್ಕೂಟರಿನಲ್ಲಿ ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಿತ್ತು. ಇವಳು ನಡೆದುಕೊಂಡೇ ಬಂದಳು.

ಮಾವ ಮನೆ ತೋರಿಸುವುದನ್ನು ನಾನು ಕಣ್ಣಾರೆ ಕಂಡದ್ದು ಅಂದೇ. ಮಂಡಿನೋವು ಎಲ್ಲಿ ಹೋಯಿತೋ. ಕಿಟಕಿ ತಾವು ತೆರೆಯಲಿಲ್ಲ, ಕೂಸಿನ ತಾಯಿಯ ಕೈಯಲ್ಲಿ ತೆರೆಸಿದರು. ಮಗುವಿನ ತೊಟ್ಟಿಲು ಎಲ್ಲಿಡಬಹುದು ಎಂದು ಅವಳನ್ನೇ ಕೇಳಿದರು, ಅವಳು ತೋರಿಸಿದ ಜಾಗವನ್ನು ಮೆಚ್ಚಿದರು. ಮಾತು ಕಡಿಮೆ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಗಂಡ ಆಗಲೇ ಹೆಂಡತಿಯ ಕಡೆ ನೋಡಿ ಕಣ್ಣಲ್ಲೇ ಹೂಂ ಅಂದಿದ್ದ. ಅವಳು ಮಗುವನ್ನು ಹೆಗಲು ಬದಲಾಯಿಸಿಕೊಂಡು ನನ್ನ ಹೆಂಡತಿಯ ಕಡೆ ತಿರುಗಿದಳು.

“ನೀವು ಹೆಣ್ಮಕ್ಳು, ನಿಮ್ಮನ್ನೇ ಕೇಳ್ತೀನಿ. ಮಗು ಹಗಲೆಲ್ಲ ಮಲಗುತ್ತೆ. ಇಲ್ಲಿ ಸದ್ದುಗಿದ್ದು ಏನಿಲ್ಲ ಅಲ್ವಾ?”

ಮಾವ ಮಗಳನ್ನು ನೋಡಿದರು. ನರ್ಸಮ್ಮ ಕಿಟಕಿಯ ಆಚೆ ನೋಡುತ್ತಿದ್ದರು.

“ಈ ಗೋಡೆ ಆಚೆ ತಗಡಿನ ಕಾರ್ಖಾನೆ ಇದೆ” ಅಂದಳು ಇವಳು. “ಇವತ್ತು ರಜೆ. ನಾಳೆ ಮಧ್ಯಾಹ್ನ ಬಂದು ಕೇಳಿ, ಆಮೇಲೆ ತೀರ್ಮಾನ ಮಾಡಿ.”

ಅವರು ಮರ್ಯಾದಸ್ಥರು. ನೋಡಿ ಹೇಳುತ್ತೇವೆ ಎಂದು ಹೊರಟರು, ಮತ್ತೆ ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಮಾವ ಹೊರಗೆ ಹೋಗಿ ಸ್ಕೂಟರಿನ ಪಕ್ಕ ನಿಂತರು. ನರ್ಸಮ್ಮ ಕಿಟಕಿ ಬಿಟ್ಟು ಬಂದರು. ಅಷ್ಟು ದಿನದಲ್ಲಿ ಅವರ ದನಿ ಏರಿದ್ದನ್ನು ನಾನು ಕೇಳಿರಲಿಲ್ಲ.

“ನಾನು ಕೇಳಿದಾಗ ನಿಮ್ಮ ಬಾಯಿಗೆ ಏನಾಗಿತ್ತು ಅಕ್ಕ? ಸತ್ಯ ಹೇಳೋಕೆ ನಿಮಗೆ ನನ್ನ ಮನೆನೇ ಬೇಕಿತ್ತಾ? ನನಗೆ ಮಾರೋವಾಗ ಸೋಮವಾರ, ನನ್ನದು ಮಾರೋವಾಗ ಮಂಗಳವಾರ. ನೀವು ಒಳ್ಳೆಯವರಾಗೋಕೆ ನಾನು ಇನ್ನೂ ಎಷ್ಟು ದಿನ ನಿದ್ದೆ ಬಿಡ್ಬೇಕು?”

ಇವಳು ಬರಿಯ ನೆಲದ ಮೇಲೆ ಕೂತಳು. ಅವರು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಇವಳ ಪ್ರಾಮಾಣಿಕತನದ ಖರ್ಚೆಲ್ಲ ನರ್ಸಮ್ಮನ ತಲೆಯ ಮೇಲೆಯೇ ಬಿದ್ದಿತ್ತು. ಇವಳು ತಲೆಯೆತ್ತಿದಳು.

“ನಮ್ಮ ಮನೆಗೆ ಬನ್ನಿ ಸಿಸ್ಟರ್. ಗಲ್ಲಿಯ ಕೊನೇಲಿದೆ, ಸದ್ದಿಲ್ಲ. ಅದನ್ನ ನೀವು ತಗೊಳ್ಳಿ, ಇದನ್ನ ನಾವು ತಗೋತೀವಿ. ಮನೆಗೆ ಮನೆ.”

ಆ ‘ನಾವು’ ಎಂಬುದರಲ್ಲಿ ನಾನೂ ಇದ್ದೆ. ನನ್ನನ್ನು ಯಾರೂ ಕೇಳಿರಲಿಲ್ಲ.

ನಾನು ಕೆಲವು ದಿನ ಇವಳೊಂದಿಗೆ ಮಾತು ಬಿಟ್ಟೆ. ಹಗಲೆಲ್ಲ ಮಕ್ಕಳ ಗದ್ದಲದಲ್ಲಿ ಬೇಯುವವನು ನಾನು. ಮನೆಗೆ ಬಂದು ಹಿಂದಿನ ಕೋಣೆಯಲ್ಲಿ ಬ್ರಷ್ ಹಿಡಿದು ಕೂರುವ ಒಂದಿಷ್ಟು ಹೊತ್ತೇ ನನ್ನ ಆಸ್ತಿ. ಅದನ್ನು ಹೇಳದೆ ಕೇಳದೆ ದಾನ ಮಾಡಲು ಇವಳು ಯಾರು? ನರ್ಸಮ್ಮ ಕೂಡ ಈ ಸಲ ಬರೀ ಮಾತು ನಂಬಲಿಲ್ಲ, ನಂಬಬೇಕಾಗಿಯೂ ಇರಲಿಲ್ಲ. ಪಾಳಿ ಮುಗಿಸಿ ನಮ್ಮ ಮನೆಗೆ ಬಂದು ಇಡೀ ದಿನ ಮಲಗಿ ನೋಡುತ್ತೇನೆ ಅಂದರು. ಆ ದಿನ ನಾನು ಶಾಲೆಯಿಂದ ಬಂದಾಗ ಇನ್ನೂ ಎದ್ದಿರಲಿಲ್ಲ. ಬೂಟು ಹೊರಗೇ ಬಿಚ್ಚಿಟ್ಟು, ನನ್ನ ಮನೆಯಲ್ಲಿ ನಾನೇ ಕಳ್ಳಹೆಜ್ಜೆ ಇಡುತ್ತಾ ಒಳಗೆ ಹೋದೆ. ಬಾಗಿಲು ಓರೆಯಾಗಿತ್ತು. ಮಕ್ಕಳು ಮಲಗುವಂತೆ ಮುಷ್ಟಿ ಬಿಗಿಹಿಡಿದು ಮಲಗಿದ್ದರು. ಕಣ್ಣಿನ ಸುತ್ತ ಕಪ್ಪು. ಸದ್ದಾಗದಂತೆ ಬಾಗಿಲು ಎಳೆದುಕೊಂಡೆ. ಆ ಕ್ಷಣವೇ ಒಪ್ಪಿಕೊಂಡೆ ಎಂದು ಕೊಚ್ಚಿಕೊಳ್ಳುವಷ್ಟು ದೊಡ್ಡ ಮನುಷ್ಯ ನಾನಲ್ಲ. ಇನ್ನೂ ಒಂದೆರಡು ದಿನ ಮುಖ ಗಂಟಿಕ್ಕಿಕೊಂಡಿದ್ದು ಆಮೇಲೆ ಒಪ್ಪಿದೆ.

ಮಾವ ಆ ಸೋಮವಾರದಿಂದ ಮಗಳ ಜೊತೆ ಮಾತಾಡಿರಲಿಲ್ಲ. ಆಫೀಸಿಗೂ ಹೋಗುತ್ತಿರಲಿಲ್ಲ, ಬಾಗಿಲ ಬಳಿಯ ಕುರ್ಚಿ ಖಾಲಿ ಇತ್ತು. ಮೊದಲಿನ ಗಿರಾಕಿಗಳಲ್ಲಿ ಅರ್ಧ ಜನ ಬೇರೆ ಕಡೆ ಹೋದರು. ಇವಳು ಪ್ರತಿಯೊಬ್ಬರನ್ನೂ ಒಂದೇ ಮನೆಗೆ ಎರಡೆರಡು ಸಲ ಕರೆದೊಯ್ಯುತ್ತಿದ್ದಳು, ಒಳ್ಳೆಯ ಹೊತ್ತಿಗೊಮ್ಮೆ, ಕೆಟ್ಟ ಹೊತ್ತಿಗೊಮ್ಮೆ. ಸಂಜೆ ಬಂದು ಅಪ್ಪನ ಮುಂದೆ ಟೀ ಇಡುವಳು. ಅವರು ಟೀ ಕುಡಿಯುವರು, ಇವಳನ್ನು ನೋಡುತ್ತಿರಲಿಲ್ಲ. ನನ್ನ ಬಳಿ ಮಾತ್ರ, ಎಲ್ಲಾದರೂ ಒಂದು ರೂಮು ನೋಡಿ ಹೋಗುತ್ತೇನೆ ಎಂದರು. ಊರಿಗೆಲ್ಲ ಮನೆ ಕೊಡಿಸಿದವರು ಹಾಗೆನ್ನುತ್ತಿದ್ದರು.

ಮನೆ ಬದಲಾಯಿಸುವ ದಿನ ಅವರು ಬರುವುದಿಲ್ಲ ಎಂದೇ ನಾವು ಅಂದುಕೊಂಡಿದ್ದೆವು. ಸಾಮಾನು ಹೊತ್ತ ಗಾಡಿ ಹೊರಟ ಮೇಲೆ ನೋಡಿದರೆ, ಬ್ಯಾಗನ್ನು ಎದೆಗೆ ಅವುಚಿಕೊಂಡು ನನ್ನ ಸ್ಕೂಟರಿನ ಪಕ್ಕ ನಿಂತಿದ್ದರು. ಅದು ಕೆಲಸದ ದಿನ. ಗೇಟು ತೆರೆಯುವಾಗಲೇ ಸುತ್ತಿಗೆಗಳು ನಮ್ಮನ್ನು ಎದುರುಗೊಂಡವು. ಮಾವ ನೇರವಾಗಿ ಒಳಗೆ ಹೋಗಿ, ಹಿಂದಿನ ಗೋಡೆಗೆ ಅಂಟಿದ ಕೋಣೆಯ ಬಾಗಿಲಲ್ಲಿ ನಿಂತರು.

“ಮೇಷ್ಟ್ರೇ, ನನ್ನ ಮಂಚ ಇಲ್ಲಿ ಹಾಕ್ಸಿ.”

“ಇಲ್ಲಿ ನಿಮಗೆ ನಿದ್ದೆ ಬರಲ್ಲ ಮಾವ. ಮುಂದಿನ ಕೋಣೆ ತಗೊಳ್ಳಿ.”

“ಇಲ್ಲಿ ಗಾಳಿ ಚೆನ್ನಾಗಿದೆ” ಅಂದರು.

ಮಧ್ಯಾಹ್ನ ಊಟವಾದ ಮೇಲೆ ಅವರು ದಿನದಂತೆ ಮಲಗಲು ಹೋದರು. ನಾನು ಮತ್ತು ಇವಳು ಪಾತ್ರೆಯ ಪೆಟ್ಟಿಗೆ ಬಿಚ್ಚುತ್ತಿದ್ದೆವು. ಗೋಡೆಯ ಆಚೆ ಒಂದು ಡ್ರಮ್ಮಿನ ತಳ ಬಡಿಯುತ್ತಿದ್ದರು. ನಮ್ಮ ಕೈಯಲ್ಲಿನ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಇವಳು ಒಂದು ಚೊಂಬು ನೀರು ಹಿಡಿದು ಅಪ್ಪನ ಕೋಣೆಗೆ ಹೋದಳು. ನಾನು ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತೆ.

ಮಾವ ಮಲಗಿರಲಿಲ್ಲ. ಮಂಚದ ಮೇಲೆ ಎದ್ದು ಕೂತು ಆ ಗೋಡೆಯನ್ನೇ ನೋಡುತ್ತಿದ್ದರು. ಈ ಮನೆಯನ್ನು ಅವರು ಎಷ್ಟು ಜನಕ್ಕೆ ತೋರಿಸಿದ್ದಾರೋ, ಎಷ್ಟು ಸಲ ಈ ಕೋಣೆಯಲ್ಲಿ ನಿಂತಿದ್ದಾರೋ. ಸೋಮವಾರ ಬಿಟ್ಟು ಬೇರೆ ದಿನ ಒಮ್ಮೆಯೂ ಕಾಲಿಟ್ಟವರಲ್ಲ.

“ದಿನಾ ಇಷ್ಟು ಇರುತ್ತಾ, ಪುಟ್ಟಿ?” ಎಂದು ಕೇಳಿದರು.

“ದಿನಾ ಅಪ್ಪ” ಅಂದಳು ಇವಳು.

ಮಾವ ಕಾಲು ಮಡಚಿಕೊಂಡು ಮಗಳಿಗೆ ಕೂರಲು ಜಾಗ ಮಾಡಿಕೊಟ್ಟರು.